ಮುಟ್ಟಲೇನ್ರಿ

ಹತ್ತು ಬೆರಳೂ ಒಂದೊಂದಾಗಿ ಆಕೆಯ ಕಿವಿಗಳ ಪಕ್ಕಕ್ಕೆ ಇಳಿಯುತ್ತಿವೆ, ಎಷ್ಟು ಮೆಲ್ಲಗೆ, ನಿದ್ದೆ ಹೋದ ಕೂಸಿನ ತಲೆಯಡಿಯಿಂದ ಕೈ ತೆಗೆಯುವಾಗಿನಷ್ಟು ಮೆಲ್ಲಗೆ, ಇವು ಚನ್ನವೀರನ ಬೆರಳುಗಳೇ ಏನು, ಹೌದು, ಉಂಗುರ ಅವನದೇ, ಮದುವೆಯಲ್ಲಿ ಅಪ್ಪ ತೊಡಿಸಿದ್ದು, ಅಂದುಕೊಂಡಳು ಪ್ರಿಯಾಂಕಾ — ಗೋಡೆಗೊರಗಿ ಕೂತಿದ್ದಳು, ಜಯನಗರದ ಈ ಸಭಾಂಗಣದಲ್ಲಿ ಬೈಕ್ ಬಳಗದವರಿಗೆಲ್ಲ ಫಸ್ಟ್ ಏಡ್ ಕಲಿಸುತ್ತಿದ್ದಾರೆ, ಜಮಖಾನದ ಮೇಲೆ ಗಾಡಿಯಿಂದ ಬಿದ್ದವಳಂತೆ ನಟಿಸುತ್ತ ಮಲಗಿರುವವಳು ಸಮನ್ವಿತಾ, ಜೆಪಿ ನಗರದವಳು, ತಾನೇ ಬುಲೆಟ್ ಓಡಿಸುವವಳು, ಅವಳನ್ನು ಕಾಪಾಡುತ್ತಿರುವವನು ಪ್ರಿಯಾಂಕಾಳ ಗಂಡ. ಮುಟ್ಟುವ ಮೊದಲು ಮಂಡಿಯೂರಿ ಕೇಳಿದ್ದ, ಮೇಡಂ, ನಾನು ಚನ್ನವೀರ, ಫಸ್ಟ್ ಏಡ್ ಕಲ್ತೀನಿ, ನಿಮ್ಮನ್ನ ಮುಟ್ಟಲೇನ್ರಿ. ಮುಟ್ಟಲೇನ್ರಿ! ಬಿಟಿಎಂನ ಬಾಡಿಗೆ ಮನೆಯಲ್ಲಿ ಇಷ್ಟು ವರ್ಷ ಆ ರಿ ಯಾವ ಡಬ್ಬಿಯಲ್ಲಿ ಅಡಗಿತ್ತೋ, ಚಹಾ ಕೊಡ, ಶರ್ಟ್ ಎಲ್ಲಿ, ಸರಿ ಆಕಡೆ — ಅಷ್ಟೇ ಕೇಳಿದ್ದಾಳೆ ಇವಳು. ಕಲಿಸುವ ಕಲ್ಯಾಣಿ ಮೇಡಂ, ನಿವೃತ್ತ ನರ್ಸು, ಚಪ್ಪಾಳೆ ತಟ್ಟಿದರು, ಸೂಪರ್ ಸಾರ್, ಪ್ರಜ್ಞೆ ಇರೋರನ್ನ ಕೇಳ್ದೆ ಮುಟ್ಟಂಗಿಲ್ಲ, ಬೇಡ ಅಂದ್ರೆ ಕೈ ಹಿಂದಕ್ಕೆ, ಎಲ್ರೂ ನೆನಪಿಟ್ಕೊಳ್ಳಿ.

ಹೊಟ್ಟೆಯಲ್ಲಿ ಕಿಚ್ಚು ಬಿದ್ದಿದೆ, ಇಲ್ಲವೆಂದು ಹೇಳುವುದರಲ್ಲಿ ಅರ್ಥವಿಲ್ಲ, ಆದರೆ ಆ ಹುಡುಗಿಯ ಮೇಲಲ್ಲ, ಅವಳೇನು ಮಾಡಿದಳು ಪಾಪ, ಕಣ್ಣು ಮುಚ್ಚಿ ಮಲಗಿದ್ದಾಳೆ — ಆ ಬೆರಳುಗಳ ಮೇಲೆ, ಅವು ಸಿಕ್ಕ ಆ ಕಿವಿಗಳ ಮೇಲೆ. ಹೋದ ವರ್ಷ ಹುಳಿಮಾವು ಕೆರೆಯ ಹತ್ತಿರ ಜಲ್ಲಿಯ ಮೇಲೆ ಗಾಡಿ ಜಾರಿ ಇಬ್ಬರೂ ಬಿದ್ದಾಗ ಎಲ್ಲಿದ್ದವು ಇವು, ಮೊದಲು ಗಾಡಿ ಎತ್ತಿದ್ದವು, ಕನ್ನಡಿ ತಿರುಗಿಸಿ ನೋಡಿದ್ದವು, ಆಮೇಲೆ ಇವಳ ರಟ್ಟೆಗೆ ಬಂದಿದ್ದವು, ಏಳ, ಏಳ, ಏನೂ ಆಗಿಲ್ಲ, ಮಂದಿ ನೋಡಾಕತ್ತಾರ, ಎಂದು ಭುಜ ಮುರಿದ ಕಡೆಯ ಕೈಯನ್ನೇ ಹಿಡಿದು ಎಳೆದಿದ್ದ, ಎಳನೀರಿನವನು ಓಡಿ ಬಂದು ತಲೆಗೆ ನೀರು ಸುರಿದಿದ್ದ, ಅಕ್ಕ ಕುಡೀರಿ ಕುಡೀರಿ, ಅದಕ್ಕೂ ಮೊದಲು ಹೆಲ್ಮೆಟ್ಟನ್ನು ಯಾರೋ ಪಾತ್ರೆಯ ಮುಚ್ಚಳದಂತೆ ಕಿತ್ತಿದ್ದರು, ಭುಜದ ಎಲುಬು ಈಗಲೂ ಚಳಿಗೆ ಚುಚ್ಚುತ್ತದೆ. ತಪ್ಪಾಯಿತೆಂದು ಅವನು ಹೇಳಲಿಲ್ಲ, ಈ ಬಳಗ ಸೇರಿದ, ಫಸ್ಟ್ ಏಡಿನ ಕೆಂಪು ಕಿಟ್ ತಂದ, ಭಾನುವಾರ ಭಾನುವಾರ ಅದರ ಧೂಳು ಒರೆಸುತ್ತಾನೆ, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ತಾರೀಖು ನೋಡುತ್ತಾನೆ, ಮೊನ್ನೆ ಒಗ್ಗರಣೆ ಸಿಡಿದು ಕೈ ಸುಟ್ಟಾಗ ಮುಲಾಮು ಕೇಳಿದರೆ, ಅದು ರೈಡಿಂದು, ಸೀಲ್ ಒಡೀಬ್ಯಾಡ, ಅಂದ — ಇವಳು ನಕ್ಕಿದ್ದಳು, ಯಾಕೆ ನಕ್ಕೆ, ಅಳಬೇಕಿತ್ತು. ನನ್ನಿಂದಲೇ ಕಲಿತ, ನಾನು ಬಿದ್ದದ್ದಕ್ಕೇ ಕಲಿತ, ನೆಟ್ಟದ್ದು ನಾನು, ಹಣ್ಣು ಊರವರಿಗೆ. ನೋಡು, ಇನ್ನೂ ಬಿಟ್ಟಿಲ್ಲ ಆ ಬೆರಳುಗಳು, ಕುತ್ತಿಗಿ ಅಲುಗಾಡಿಸಬ್ಯಾಡ್ರಿ ಮೇಡಂ, ನಾ ತಲಿ ಹಿಡಕೊಂಡೀನಿ, ಹೆದರಬ್ಯಾಡ್ರಿ, ಅನ್ನುತ್ತಿದ್ದಾನೆ, ಈ ದನಿ ಎಲ್ಲಿಯದು, ಈ ದನಿಯನ್ನು ಇವಳು ಕೇಳಿಯೇ ಇಲ್ಲ.

ಪ್ರಿಯಾಂಕಾ, ಈಗ ನೀವು ಬನ್ನಿ, ಅಂದರು ಕಲ್ಯಾಣಿ ಮೇಡಂ, ಎದ್ದದ್ದು ಗೊತ್ತಾಗಲಿಲ್ಲ, ಮಲಗಿದ್ದು ಗೊತ್ತಾಯಿತು, ಜಮಖಾನ ಇನ್ನೂ ಬೆಚ್ಚಗಿದೆ, ಛೆ, ಅವಳ ಬಿಸಿ. ಮೇಲೆ ಫ್ಯಾನು, ಫ್ಯಾನಿಗೆ ಅಡ್ಡವಾಗಿ ಅವನ ಮುಖ, ಕೇಳುತ್ತಾನೆ, ಈಗ ಕೇಳುತ್ತಾನೆ, ಹೂಂ ಅನ್ನಬೇಕು, ಹೂಂ ಎಂಬುದು ಗಂಟಲಿನವರೆಗೆ ಬಂದು ಕೂತಿದೆ — ಇಕಿನ್ನ ಏನ್ ಕೇಳೂದ್ರಿ ಮೇಡಂ, ನನ್ನ ಹೆಂಡ್ತಿ ಅದಾಳ. ಎಲ್ಲರೂ ಗೊಳ್ಳೆಂದರು, ಸಮನ್ವಿತಾ ಕೂಡ, ಕಲ್ಯಾಣಿ ಮೇಡಂ ಮಾತ್ರ ನಗಲಿಲ್ಲ, ಹೆಂಡ್ತಿ ಆದ್ರೇನು, ಕೇಳಿ ಸಾರ್. ಅವನು ನಗುತ್ತಲೇ, ಬಳಗದವರ ಕಡೆ ತಿರುಗಿಯೇ, ಹ್ಞಾ ಆತು, ಮುಟ್ಟಲೇನ, ಅಂದ, ಕೈಗಳಾಗಲೇ ಬರುತ್ತಿದ್ದವು.

ಬ್ಯಾಡ.

ತನ್ನದೇ ದನಿ. ನಗು ಎಲ್ಲಿ ಹೋಯಿತು, ಅವನು ಈಗ ಇವಳನ್ನೇ ನೋಡುತ್ತಿದ್ದಾನೆ, ನೋಡಲಿ, ಇನ್ನೊಮ್ಮೆ ಕೇಳಲಿ, ಸರಿಯಾಗಿ ಕೇಳಲಿ, ಕೇಳದಿದ್ದರೆ — ಕಿವಿಯಿಂದ ಗೇಣು ದೂರದಲ್ಲಿ ಹತ್ತು ಬೆರಳು, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ, ಹತ್ತು ಬೆರಳು