ಗುಟ್ಟು ಕಾಪಾಡುವ ಬಗ್ಗೆ ನಾನು ಮಾಡಿದ ಭಾಷಣ

ನಾನು ಯುವ ಕಾರ್ಯಕರ್ತೆ. ಹಾಗೆಂದು ಹೇಳಿದ ಕೂಡಲೇ ಜನ ಕೇಳುವುದು, "ಯಾವ ಪಾರ್ಟಿ?" ಪಾರ್ಟಿ ಅಲ್ಲ, ಹದಿನಾರರಿಂದ ಇಪ್ಪತ್ತೈದರ ಹುಡುಗ ಹುಡುಗಿಯರ ಜೊತೆ ಕೆಲಸ ಮಾಡುತ್ತೇನೆ ಎಂದರೆ, "ಏನು ಕೆಲಸ?" ಏಳು ವರ್ಷವಾದರೂ ಈ ಎರಡನೆಯ ಪ್ರಶ್ನೆಗೆ ನನ್ನ ಹತ್ತಿರ ನೆಟ್ಟಗೊಂದು ಉತ್ತರ ಇರಲಿಲ್ಲ. ಬಸ್ಸಿನಲ್ಲಿ ಕೇಳಿದವರಿಗೆ ಟೀಚರ್ ಅನ್ನುತ್ತಿದ್ದೆ. ಬ್ಯಾಂಕಿನಲ್ಲಿ ಸಮಾಜಸೇವೆ ಎಂದು ಬರೆಯುತ್ತಿದ್ದೆ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೆ ನಮ್ಮ ಅಮ್ಮಿ, ನಾನು ಹೊಲಿಗೆ ಕಲಿಸುತ್ತೇನೆ ಎಂದುಬಿಟ್ಟಿದ್ದರು. ನನಗೆ ಸೂಜಿಗೆ ದಾರ ಪೋಣಿಸಲೂ ಬರುವುದಿಲ್ಲ.

ನನ್ನ ಹೆಸರು ಆತಿಕಾ. ನಮ್ಮ ಮನೆ ಹುಣಸೂರಿನಲ್ಲಿ. ಅಬ್ಬಾ ಅಹಮದ್ ಪಾಷಾ ಮಂಚ, ಬೀರು ಮಾಡುವ ಬಡಗಿ. ನಾನು ಒಂದು ಸಂಸ್ಥೆಯ ಪರವಾಗಿ ಬೆಟ್ಟದಪುರದಲ್ಲಿ ಯುವಕೇಂದ್ರ ನಡೆಸುತ್ತೇನೆ. ಕೇಂದ್ರ ಎಂದರೆ ಗೊಬ್ಬರದಂಗಡಿಯ ಮೇಲಿನ ಒಂದು ಕೋಣೆ, ಎರಡು ಬೆಂಚು, ಒಂದು ಕೇರಂ ಬೋರ್ಡು, ಅರ್ಜಿ ತುಂಬಲು ಒಂದು ಕಂಪ್ಯೂಟರ್. ಅಂಗಡಿ ಕಂಠಪ್ಪನವರದು. ಕೋಣೆಯನ್ನು ಬಾಡಿಗೆಯಿಲ್ಲದೆ ಕೊಟ್ಟವರೂ ಅವರೇ. ಅವರ ಮಗಳು ಅನುಶ್ರೀ.

ಈ ಸಂಗತಿಯನ್ನು ನಿಮಗೆ ಹೇಳುವ ಮೊದಲು ಅನುಶ್ರೀಗೆ ಓದಿ ತೋರಿಸಿದ್ದೇನೆ. ಅವಳು ಎರಡು ವಾಕ್ಯ ಹೊಡೆದುಹಾಕಿಸಿದಳು. ಇಷ್ಟು ಬುದ್ಧಿ ನನಗೆ ಮೊದಲೇ ಇದ್ದಿದ್ದರೆ ಬರೆಯಲು ಏನೂ ಇರುತ್ತಿರಲಿಲ್ಲ.

ಅನುಶ್ರೀಗೆ ಆಗ ಹತ್ತೊಂಬತ್ತು. ಹುಣಸೂರಿನ ಒಂದು ಕಾಲೇಜಿನಲ್ಲಿ ಬಿ.ಕಾಂ. ಸೇರಿದ್ದಳು. ಒಂದು ದಿನ ಸಂಜೆ ಎಲ್ಲರೂ ಹೋದ ಮೇಲೂ ಬೆಂಚಿನ ಮೇಲೆಯೇ ಕೂತಿದ್ದಳು. ನಾನು ಕಂಪ್ಯೂಟರ್ ಮುಚ್ಚಿ ಪಕ್ಕದಲ್ಲಿ ಕೂತೆ. ಆಮೇಲೆ ಹೇಳಿದಳು. ಅವಳು ಕಾಲೇಜು ಬಿಟ್ಟು ಐದು ತಿಂಗಳಾಗಿತ್ತು. ದಿನಾ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಬಸ್ಸು ಹತ್ತಿ, ಹುಣಸೂರಿನಲ್ಲಿ ಇಳಿದು, ಇನ್ನೊಂದು ಬಸ್ಸಿನಲ್ಲಿ ಬಿಳಿಕೆರೆಗೆ ಹೋಗುತ್ತಿದ್ದಳು. ಅಲ್ಲಿ ಪುಷ್ಪಾ ಎಂಬಾಕೆಯ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಬೋರ್‌ವೆಲ್ಲಿನ ಸುಟ್ಟುಹೋದ ಮೋಟಾರುಗಳ ಹಳೇ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಹೆಂಗಸರಿಗೆ ಬಸ್ಸು ಫ್ರೀ ಆದ್ದರಿಂದ ಮನೆಯಲ್ಲಿ ಯಾರಿಗೂ ಅನುಮಾನ ಬಂದಿರಲಿಲ್ಲ. ಕೈಯಿಂದ ಬರುವ ವಾರ್ನಿಷ್ ವಾಸನೆಗೆ ಮಾತ್ರ ಅಪ್ಪ ಮೂಗು ಮುರಿಯುತ್ತಿದ್ದರಂತೆ. ನೈಲ್ ಪಾಲಿಶ್ ಎಂದು ಹೇಳಿದ್ದಳು.

"ಯಾರ್ಗೂ ಹೇಳ್ಬೇಡಿ ಅಕ್ಕ," ಅಂದಳು.

"ನನ್ನ ಹೊಟ್ಟೇಲೇ ಇರ್ತದೆ," ಅಂದೆ. ಹೊಟ್ಟೆಯಲ್ಲಿ ಅದು ಆರು ವಾರ ಇತ್ತು.

ಅಷ್ಟರಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಯುವ ಕಾರ್ಯಕರ್ತರೆಲ್ಲ ಸೇರಿ ಒಂದು ಸಂಘ ಕಟ್ಟಿಕೊಂಡಿದ್ದೆವು. ಎಲ್ಲ ಎಂದರೆ ಹನ್ನೊಂದು ಜನ. ನಮ್ಮದೂ ಒಂದು ವೃತ್ತಿ, ಅದಕ್ಕೆ ತರಬೇತಿ ಬೇಕು, ಪ್ರಮಾಣಪತ್ರ ಬೇಕು, ಹುದ್ದೆಗೊಂದು ಹೆಸರು ಬೇಕು ಎಂಬುದು ನಮ್ಮ ಬೇಡಿಕೆ. ಹುಣಸೂರಿನ ಒಂದು ಸಮುದಾಯ ಭವನದಲ್ಲಿ ಸಮಾವೇಶ ಇಟ್ಟುಕೊಂಡೆವು. ನಮ್ಮ ಸಂಸ್ಥೆಯ ಹಿರಿಯರಾದ ನೀಲಕಂಠಸ್ವಾಮಿಯವರು, "ಆತಿಕಾ, ಗೋಪ್ಯತೆ ಬಗ್ಗೆ ನೀವು ಹತ್ತು ನಿಮಿಷ ಮಾತಾಡಿ. ಮಕ್ಕಳು ನಂಬಿ ಹೇಳಿದ್ದನ್ನ ಹೇಗೆ ಕಾಪಾಡ್ತೀವಿ ಅಂತ ಜನಕ್ಕೆ ಗೊತ್ತಾಗ್ಲಿ," ಅಂದರು.

ನಾಲ್ಕು ದಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಹೊಸ ಚೂಡಿದಾರ್ ಹೊಲಿಸಿದೆ. ಕೋಣೆ ಕೊಟ್ಟ ಉಪಕಾರಕ್ಕೆ ಕಂಠಪ್ಪನವರನ್ನು ಸನ್ಮಾನಿಸೋಣ ಎಂದು ಸೂಚಿಸಿದವಳೂ ನಾನೇ. ಅವರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಮುಂದಿನ ಸಾಲಿನಲ್ಲಿ ಕೂರಿಸಿದೆವು.

ನನ್ನ ಸರದಿ ಬಂದಾಗ ಮಧ್ಯಾಹ್ನ ಹನ್ನೆರಡೂವರೆ. ಸಭೆ ತೂಕಡಿಸುತ್ತಿತ್ತು. ಹಿಂದಿನಿಂದ ಸಾರಿನ ಒಗ್ಗರಣೆ ವಾಸನೆ ಬರುತ್ತಿತ್ತು. ನಾನು ಬರೆದುಕೊಂಡು ಹೋಗಿದ್ದ ಮಾತುಗಳು ನನಗೇ ಆಕಳಿಕೆ ತರಿಸುವಂತಿದ್ದವು. ಜನರನ್ನು ಎಬ್ಬಿಸಬೇಕು ಅನ್ನಿಸಿತು. ಕಾಗದ ಮಡಚಿಟ್ಟು, "ಒಂದು ನಿಜವಾದ ಉದಾಹರಣೆ ಕೊಡ್ತೀನಿ. ಹೆಸರು ಹೇಳೋದಿಲ್ಲ, ಅದು ನಮ್ಮ ವೃತ್ತಿಧರ್ಮ," ಅಂದೆ.

ಹೆಸರು ಹೇಳಲಿಲ್ಲ. ಊಟದ ಡಬ್ಬಿ ಹೇಳಿದೆ, ಎರಡು ಬಸ್ಸು ಹೇಳಿದೆ, ವೈಂಡಿಂಗ್ ಅಂಗಡಿ ಹೇಳಿದೆ. ಸಭೆ ಎದ್ದು ಕೂತಿತು. ಆ ಖುಷಿಯಲ್ಲಿ, "ಕೈಯಿಂದ ವಾರ್ನಿಷ್ ವಾಸನೆ ಬಂದ್ರೆ ಮನೇಲಿ ನೈಲ್ ಪಾಲಿಶ್ ಅಂತಾಳೆ, ಪಾಪ ಅವರಪ್ಪ ನಂಬ್ತಾರೆ," ಎಂದೂ ಹೇಳಿದೆ. ಜನ ನಕ್ಕರು. ಕಂಠಪ್ಪನವರು ಎದ್ದು, ತಲೆಯ ಮೇಲಿನ ಪೇಟ ತೆಗೆದು ಕುರ್ಚಿಯ ಮೇಲಿಟ್ಟು ಹೊರಗೆ ಹೋದರು. ಅವರಿಗೆ ಸೆಕೆಯಾಗಿರಬೇಕು ಅಂದುಕೊಂಡೆ. ಇಂಥ ಗುಟ್ಟುಗಳು ನಮ್ಮ ಎದೆಯಲ್ಲೇ ಭದ್ರವಾಗಿರುತ್ತವೆ ಎಂದು ಹೇಳಿ ಮುಗಿಸಿದೆ. ಬಹಳ ಹೊತ್ತು ಚಪ್ಪಾಳೆ ಬಿತ್ತು.

ಊಟಕ್ಕೆ ಏಳುವಾಗ ಖಾಲಿ ಕುರ್ಚಿಯ ಮೇಲೆ ಪೇಟ ಇನ್ನೂ ಹಾಗೇ ಇತ್ತು. ಆಗ ಗೊತ್ತಾಯಿತು. ಎಲೆಯ ಮುಂದೆ ಕೂತವಳು ಒಂದು ತುತ್ತೂ ತಿನ್ನದೆ ಎದ್ದೆ.

ಮಾರನೆಯ ದಿನ ಅನುಶ್ರೀ ಕೇಂದ್ರಕ್ಕೆ ಬರಲಿಲ್ಲ. ಫೋನು ಸ್ವಿಚ್ ಆಫ್ ಆಗಿತ್ತು. ನಾನು ಮನೆಗೆ ಬಂದು ನೇರ ಅಬ್ಬಾ ಕೆಲಸ ಮಾಡುವ ಶೆಡ್ಡಿಗೆ ಹೋಗಿ ಎಲ್ಲ ಹೇಳಿಕೊಂಡೆ. ಅವರು ಉಜ್ಜುಗೊರಡು ನಿಲ್ಲಿಸದೆ ಕೇಳಿಸಿಕೊಂಡರು. ಮನೆಯಲ್ಲಿ ನಮ್ಮ ಮಾತು ಉರ್ದುವಿನಲ್ಲಿ. ಅವರು ಹೇಳಿದ್ದು ಹೀಗೆ: "ನಾನು ಕಲಿಯೋವಾಗ ಉಸ್ತಾದರು ದಿನಾ ಸಂಜೆ ನನ್ನ ಜೋಡಣೆ ಬಿಚ್ಚಿ ನೋಡ್ತಿದ್ರು. ಆರು ವರ್ಷ. ನಿನ್ನ ಕೆಲಸ ಯಾರು ನೋಡ್ತಾರೆ ಬೇಟಿ?"

"ತಿಂಗಳಿಗೊಂದು ವರದಿ ಕಳಿಸ್ತೀನಿ."

"ಬರೆಯೋದು ಯಾರು?"

"ನಾನೇ."

ಅವರು ಮತ್ತೆ ಹಲಗೆಗೆ ಬಾಗಿದರು. ಏಳು ವರ್ಷದ ನನ್ನ ವರದಿಗಳಲ್ಲಿ ಒಂದೇ ಒಂದು ತಪ್ಪೂ ಇರಲಿಲ್ಲ ಎಂಬುದು ಆಗ ನೆನಪಾಯಿತು.

ಮೂರನೆಯ ದಿನ ಬೆಟ್ಟದಪುರದ ಕಂಠಪ್ಪನವರ ಮನೆಗೆ ಹೋದೆ. ಅನುಶ್ರೀಯ ತಾಯಿ ಶಿವನಂಜಮ್ಮ ಬಾಗಿಲಲ್ಲೇ ತಡೆದರು. "ಒಳಕ್ಕೆ ಬ್ಯಾಡ ಕಣವ್ವ. ಜಗಲೀಲೇ ಕೂತ್ಕೊ," ಅಂದರು. ಆದರೂ ಒಂದು ಚೊಂಬು ನೀರು ತಂದಿಟ್ಟರು. ಸ್ವಲ್ಪ ಹೊತ್ತಿಗೆ ಅನುಶ್ರೀ ಬಂದು ಕಂಬಕ್ಕೆ ಒರಗಿ ನಿಂತಳು.

"ನೋಡು ಅನುಶ್ರೀ, ನಿನ್ನ ಭಾವನೆಗಳನ್ನ ನಾನು ಸಂಪೂರ್ಣವಾಗಿ ಗೌರವಿಸ್ತೀನಿ..." ಎಂದು ಶುರುಮಾಡಿದೆ.

"ಮೈಕಲ್ಲಿ ಮಾತಾಡ್ದಂಗೆ ಮಾತಾಡ್ಬೇಡಿ ಅಕ್ಕ."

ಚೊಂಬಿನ ನೀರು ಒಂದು ಗುಟುಕು ಕುಡಿದೆ. ಆಮೇಲೆ, "ತಪ್ಪು ಮಾಡ್ದೆ. ಚಪ್ಪಾಳೆ ಬೇಕಾಗಿತ್ತು, ಅದಕ್ಕೆ ಹೇಳ್ಬಿಟ್ಟೆ," ಅಂದೆ.

ಅವಳು ಅಳಲಿಲ್ಲ. "ಒಂದು ಮೋಟಾರ್ನ ನಾನೊಬ್ಳೇ ಪೂರ್ತಿ ಸುತ್ತಿ, ಅದು ಓಡಿದ್‌ಮ್ಯಾಲೆ ಅಪ್ಪನ್ನ ಕರ್ಕೊಂಡೋಗಿ ತೋರಿಸ್ಬೇಕು ಅಂತಿದ್ದೆ. ಇನ್ನೆರಡು ವಾರ ಇತ್ತು ಅಷ್ಟೇಯ," ಅಂದಳು.

ಇದನ್ನು ಅವಳು ನನಗೆ ಮೊದಲು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಗುಟ್ಟು ಸಿಕ್ಕಿತಲ್ಲ ಎಂದು ಅಷ್ಟಕ್ಕೇ ಬೀಗಿದ್ದೆ.

ಕಂಠಪ್ಪನವರು ಹಿತ್ತಲಿನಿಂದ ಕೈ ತೊಳೆದುಕೊಂಡು ಬಂದರು. ದನಿ ಏರಿಸಲಿಲ್ಲ. "ಅವ್ಳು ಕಾಲೇಜು ಬುಟ್ಟಿದ್ದು ನಂಗೇನು ಸಂತೋಸ ಅಲ್ಲ ಕಣ್ರೀ. ಮನೇಲಿ ಜಗಳ ಆಡ್ತಿದ್ವಿ, ನಾಕು ದಿನ ಮಾತು ಬುಡ್ತಿದ್ವಿ, ಆಮ್ಯಾಕೆ ಸರಿಹೋಯ್ತಿತ್ತು. ನೀವು ನಂಗೆ ಪೇಟ ತೊಡಿಸಿ ಕೂರ್ಸಿ, ನಗೋ ಜನದ ನಡುವೆ ನನ್ ಮಗಳ ಸಮಾಚಾರ ಹೇಳಿದ್ರಿ. ರೂಮಿನ ಬೀಗದ ಕೈ ಕೊಟ್ಟೋಗಿ."

ಕೊಟ್ಟು ಬಂದೆ. ಮರುದಿನದಿಂದ ಕೇಂದ್ರ ಶಾಲೆಯ ಮೈದಾನದ ಮೆಟ್ಟಿಲಿಗೆ ಬಂತು. ಯಾಕೆ ಎಂದು ಹುಡುಗರು ಕೇಳಿದಾಗ, "ನನ್ನಿಂದ ಒಂದು ತಪ್ಪಾಯ್ತು," ಎಂದಷ್ಟೇ ಹೇಳಿದೆ. ಅಷ್ಟು ಚಿಕ್ಕ ಭಾಷಣವನ್ನು ನಾನು ಅದುವರೆಗೆ ಮಾಡಿರಲಿಲ್ಲ.

ನೀಲಕಂಠಸ್ವಾಮಿಯವರಿಗೂ ಹೋಗಿ ಹೇಳಿದೆ. ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸುತ್ತಾ, "ನಾನೂ ಚಪ್ಪಾಳೆ ತಟ್ಟಿದೆನಲ್ಲಮ್ಮ. ಹನ್ನೊಂದು ಜನರಲ್ಲಿ ಒಬ್ಬರಿಗೂ ಇದು ತಪ್ಪು ಅಂತ ಹೊಳೀಲಿಲ್ಲ," ಅಂದರು. ಸರ್ಕಾರಕ್ಕೆ ಕೊಡುವ ಮನವಿಯ ಕರಡು ಅವರ ಮೇಜಿನ ಮೇಲಿತ್ತು. ಮೊದಲ ಬೇಡಿಕೆ ಹುದ್ದೆ, ಎರಡನೆಯದು ಪ್ರಮಾಣಪತ್ರ. ನಾನು ಹೆದರುತ್ತಲೇ, ಅವೆರಡಕ್ಕಿಂತ ಮೊದಲು ನಮ್ಮ ಕೆಲಸವನ್ನು ಬಿಚ್ಚಿ ನೋಡುವವರು ಒಬ್ಬರು ಬೇಕು ಎಂದು ಸೇರಿಸೋಣವೇ ಎಂದು ಕೇಳಿದೆ. ಅವರು ಪೆನ್ನು ನನ್ನ ಕೈಗೇ ಕೊಟ್ಟರು.

ಮನವಿಗೆ ಸ್ವೀಕೃತಿ ಪತ್ರ ಬಂದಿದೆ, ಉತ್ತರ ಬಂದಿಲ್ಲ. ಬರಲಿ ಎಂದು ನಾವು ಕಾಯಲಿಲ್ಲ. ಮೈಸೂರಿನಲ್ಲಿ ಮೂವತ್ತು ವರ್ಷ ಆಪ್ತಸಮಾಲೋಚನೆ ಮಾಡಿದ ಒಬ್ಬರು ಹಿರಿಯ ಹೆಂಗಸನ್ನು ಒಪ್ಪಿಸಿ, ತಿಂಗಳಿಗೊಂದು ಶನಿವಾರ ಹುಣಸೂರಿನಲ್ಲಿ ಕೂರಲು ಶುರುಮಾಡಿದೆವು. ಒಬ್ಬರು ತಮ್ಮಿಂದಾದ ಎಡವಟ್ಟನ್ನು ಹೇಳಬೇಕು, ಮಿಕ್ಕವರು ಕೇಳಬೇಕು. ಅದು ಆ ಕೋಣೆ ಬಿಟ್ಟು ಹೊರಗೆ ಹೋಗಬಾರದು. ಮೊದಲ ಶನಿವಾರ ನನ್ನದು. ಹೇಳಿ ಮುಗಿಸಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ಹಿರಿಯರು ಒಂದೇ ಪ್ರಶ್ನೆ ಕೇಳಿದರು: "ಸಭೆ ತೂಕಡಿಸಿದ್ರೆ ನಿಮಗೇನು ಕಷ್ಟ ಆಗ್ತಿತ್ತು?" ಇನ್ನೂ ಯೋಚಿಸುತ್ತಿದ್ದೇನೆ.

ಅನುಶ್ರೀ ಅಂಗಡಿಗೆ ಹೋಗುವುದು ನಿಂತುಹೋಗಿತ್ತು. ಕಂಠಪ್ಪನವರು ಮೂರು ವಾರದ ಮೇಲೆ ಯಾರಿಗೂ ಹೇಳದೆ ಒಬ್ಬರೇ ಬಿಳಿಕೆರೆಗೆ ಹೋಗಿದ್ದರಂತೆ. ಪುಷ್ಪಾ ಹಾಕಿಕೊಟ್ಟ ಸ್ಟೂಲಿನ ಮೇಲೆ ಕೂತು, ತಂತಿ ಸುತ್ತುವುದನ್ನು ಎರಡು ಗಂಟೆ ನೋಡಿದ್ದರಂತೆ. ಎದ್ದು ಬರುವಾಗ, "ನಮ್ ಹುಡುಗಿ ಸುತ್ತಿರೋದು ಯಾವ್ದು?" ಎಂದು ಕೇಳಿದ್ದರಂತೆ. ಮೂಲೆಯಲ್ಲಿ ಅರ್ಧ ಸುತ್ತಿ ನಿಂತಿದ್ದ ಮೋಟಾರನ್ನು ಪುಷ್ಪಾ ತೋರಿಸಿದರು. ಮುಂದಿನ ಸೋಮವಾರ ಅನುಶ್ರೀ ಮತ್ತೆ ಬಸ್ಸು ಹತ್ತಿದಳು. ಈ ಸಲ ಶಿವನಂಜಮ್ಮ ಡಬ್ಬಿಯನ್ನು ಇಬ್ಬರಿಗಾಗುವಷ್ಟು ತುಂಬಿದ್ದರಂತೆ.

ಎರಡು ತಿಂಗಳ ಮೇಲೆ ಬೀಗದ ಕೈಯೂ ವಾಪಸು ಬಂತು. "ಹುಡುಗ್ರು ಬಿಸಿಲಲ್ಲಿ ಕೂತವ್ರೆ ಅಂತ ಕೊಡ್ತಿರೋದು, ನಿಮ್ ಭಾಸಣಕ್ಕಲ್ಲ," ಎಂದು ಕಂಠಪ್ಪನವರು ಸ್ಪಷ್ಟವಾಗಿ ಹೇಳಿಯೇ ಕೊಟ್ಟರು. ಅನುಶ್ರೀ ಮಾತ್ರ ಕೇಂದ್ರಕ್ಕೆ ಬರುವುದಿಲ್ಲ. ಬಸ್ಸಿನಲ್ಲಿ ಸಿಕ್ಕರೆ ಮಾತಾಡುತ್ತಾಳೆ, ಮೋಟಾರಿನ ಬಗ್ಗೆ. ಮನಸ್ಸಿನೊಳಗಿನದನ್ನು ಹೇಳುವುದಿಲ್ಲ. ನಾನೂ ಕೆದಕುವುದಿಲ್ಲ.

ಮೊನ್ನೆ ಶನಿವಾರ ಎಚ್.ಡಿ. ಕೋಟೆಯ ಮಹದೇವಪ್ರಸಾದನ ಸರದಿ. ಅವನು ನನಗಿಂತ ಆರು ವರ್ಷ ಚಿಕ್ಕವನು. ಏನಾಗಿತ್ತು ಎಂದು ನಿಮಗೆ ಹೇಳುವಂತಿಲ್ಲ. ನಡುವೆ ಮೂರು ಸಲ ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. ಮೂರನೆಯ ಸಲ ಕೆ.ಆರ್. ನಗರದ ಗೆಳತಿ ಸದ್ದಿಲ್ಲದೆ ಟೀ ಲೋಟವನ್ನು ನನ್ನ ಕೈಗೆ ಹಿಡಿಸಿದಳು. ಅವನು ಮುಗಿಸಿ, "ಈಗ ನಾನೇನು ಮಾಡ್ಲಿ?" ಎಂದು ಕೇಳಿದ. ಹತ್ತು ಜನರಲ್ಲಿ ಯಾರೂ ಕೂಡಲೇ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ.