ಹಸಿರು ಸೆರಗಿನ ತುಂಡು

ಹೊನ್ನೂರಮ್ಮ ಕಾಮಾಲೆಯಾಗಿ ಹಾಸಿಗೆ ಹಿಡಿದಾಗ ಎರಡು ವರ್ಷದ ಮಗ ಓಬಣ್ಣನನ್ನು ಗೋವಿನಕೋವಿಯ ಅಂತರಘಟ್ಟಮ್ಮ ಕರೆದೊಯ್ದಿದ್ದಳು. ಆಕೆ ಹೊನ್ನೂರಮ್ಮನ ಗಂಡನ ಅಕ್ಕ. ಹೆಣ್ಣುಮಕ್ಕಳನ್ನೆಲ್ಲ ಮದುವೆ ಮಾಡಿ ಕಳಿಸಿದ ಮೇಲೆ ಅವಳ ಮನೆ ಬಿಕೋ ಎನ್ನುತ್ತಿತ್ತು, ಗಂಡುಮಗು ಹುಟ್ಟಿರಲಿಲ್ಲ. ಅದು ಎಪ್ಪತ್ತೆಂಟರ ಬೇಸಿಗೆ. ಮಳೆಗಾಲ ಮುಗಿಯುವ ಹೊತ್ತಿಗೆ ಹುಡುಗ ಜಗಳೂರಿಗೆ ವಾಪಸು ಬಂದ, ಹಳೇ ಸೀರೆಯ ಹಸಿರು ತುಂಡೊಂದನ್ನು ಹಿಡಿದುಕೊಂಡು. ತುಂಡಿನ ಮೂಲೆಯಲ್ಲಿ ಬಿಗಿಯಾದ ಗಂಟು.

ಆ ಗಂಟು ಚೀಪದೆ ಅವನಿಗೆ ನಿದ್ದೆಯಿಲ್ಲ. ತಾಯಿ ಎತ್ತಿಕೊಂಡರೆ ಮೈ ಸೆಟೆಸುತ್ತಿದ್ದ. ತುಂಡು ಕೈಗೆ ಸಿಕ್ಕರೆ ಸುಮ್ಮನಾಗುತ್ತಿದ್ದ. ಹೊನ್ನೂರಮ್ಮ ಮೊದಮೊದಲು ನಕ್ಕಳು. ಆಮೇಲೆ ಗಂಟಿನ ಮೇಲೆ ಕಣ್ಣು ಬಿತ್ತು. ಹೆತ್ತವಳನ್ನು ಮರೆಸುವಂಥದ್ದೇನೋ ಒಳಗೆ ಕಟ್ಟಿರಬೇಕು. ಪಕ್ಕದ ಮನೆಯ ಕೆಂಪಕ್ಕ ತುಂಡನ್ನು ಮುಟ್ಟದೆ ದೂರದಿಂದಲೇ ನೋಡಿ, ಹುಷಾರಾಗಿರು ಎಂದಷ್ಟೇ ಹೇಳಿ ಹೋದಳು. ಗಂಡ ತಿಪ್ಪೇಶಪ್ಪ ಮಾತ್ರ ನಮ್ಮಕ್ಕನ ಮೇಲೆ ಇಂಥ ಮಾತು ಬೇಡ ಎಂದು ಗದರಿ ಶೇಂಗಾ ಮಿಲ್ಲಿನ ಕೆಲಸಕ್ಕೆ ಹೊರಟುಹೋದ.

ಒಂದು ಮಧ್ಯಾಹ್ನ ಹುಡುಗ ಮಲಗಿದ್ದಾಗ ಅವಳು ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಒಳಗೆ ಏನೂ ಇರಲಿಲ್ಲ. ಸಮಾಧಾನವಾಗುವ ಬದಲು ದಿಗಿಲು ಹೆಚ್ಚಿತು: ಹಾಗಾದರೆ ಬಟ್ಟೆಗೇ ಏನೋ ಸವರಿದ್ದಾಳೆ. ಸೋಡಾ ಹಾಕಿ ಕುದಿಸಿ, ಒಗೆದು, ಬಿಸಿಲಿಗೆ ಹರವಿದಳು. ಒಣಗಿದ ಮೇಲೆ ಮತ್ತೆ ಗಂಟು ಹಾಕಿ ಮಗನ ಕೈಗಿಟ್ಟಳು.

ಓಬಣ್ಣ ಮೂಸಿ ನೋಡಿ ಬಿಸಾಕಿದ. ಆಮೇಲೆ ಅನ್ನ ಮುಟ್ಟಲಿಲ್ಲ. ಅತ್ತು ಅತ್ತು ಗಂಟಲು ಕಟ್ಟಿತು, ಮೈ ಬಿಸಿಯಾಯಿತು. ತಿಪ್ಪೇಶಪ್ಪ ಹೆಂಡತಿಯನ್ನು ಕೇಳದೆಯೇ ಅಕ್ಕನಿಗೆ ಹೇಳಿ ಕಳಿಸಿದ.

ಅಂತರಘಟ್ಟಮ್ಮ ಬಂದವಳೇ ತುಂಡನ್ನು ಸೊಂಟಕ್ಕೆ ಸಿಗಿಸಿಕೊಂಡು ರೊಟ್ಟಿ ಬಡಿಯಲು ಕೂತಳು. ಹೊನ್ನೂರಮ್ಮ ಬಾಗಿಲಿಗೆ ಒರಗಿ ಅವಳ ಕೈಯನ್ನೂ ತುಟಿಯನ್ನೂ ಕಾಯುತ್ತಿದ್ದಳು. ಮಂತ್ರವಿಲ್ಲ, ಪುಡಿಯಿಲ್ಲ. ಬೆವರು, ಹೊಗೆ, ಹಿಟ್ಟು ಅಷ್ಟೆ. ಸಂಜೆ ಹುಡುಗ ತಾನಾಗಿ ಬಂದು ತುಂಡನ್ನು ಎಳೆದುಕೊಂಡು ಗಂಟು ಬಾಯಿಗಿಟ್ಟ.

“ಅದರಾಗೆ ಏನು ಹಾಕಿದ್ರಿ ಅಕ್ಕ? ನಿಜ ಹೇಳ್ರಿ.”

ಅಂತರಘಟ್ಟಮ್ಮ ಕೈಗೆ ಅಂಟಿದ್ದ ಹಿಟ್ಟು ಉಜ್ಜಿ ಉದುರಿಸಿದಳು. “ಏನೂ ಹಾಕಿಲ್ಲ ಕಣವ್ವ. ನಿನ್ನ ನೆನೆಸ್ಕಂಡು ಅಳ್ತಿದ್ದ, ನನ್ನ ಸೆರಗು ಬಿಡ್ತಿರಲಿಲ್ಲ. ಕೆಲಸ ಮಾಡಾಕೆ ಆಗದೆ ಹರಿದು ಕೊಟ್ಟೆ.” ಒಲೆಯ ಕಡೆ ತಿರುಗಿ ಮುಂದುವರಿಸಿದಳು. “ಕಳಿಸೋವಾಗ ಕಿತ್ಕಂಡು ಇಟ್ಕಬೇಕಿತ್ತು. ಬೇಕಂತಲೇ ಬಿಟ್ಟೆ. ನನ್ನ ಮರೀದಿರ್ಲಿ ಅಂತ.”

ಅನುಮಾನ ಪೂರಾ ಸುಳ್ಳಾಗಿರಲಿಲ್ಲ. ಆದರೂ ಹೊನ್ನೂರಮ್ಮನಿಗೆ ಸಿಟ್ಟು ಬರಲಿಲ್ಲ. ಇನ್ನು ಮೇಲೆ ನೀನೇ ಇದನ್ನು ಸಿಗಿಸಿಕೊಂಡು ಅಡಿಗೆ ಮಾಡು, ಬರಬರುತ್ತಾ ನಿನ್ನ ವಾಸನೆಯೇ ಹಿಡಿಯುತ್ತದೆ ಎಂದು ಅಂತರಘಟ್ಟಮ್ಮ ಮುಖ ನೋಡದೆ ಹೇಳಿಕೊಟ್ಟಳು.

ಮರುದಿನ ಆಕೆಯನ್ನು ಬಸ್ಸು ಹತ್ತಿಸಿ ಬಂದು ಹೊನ್ನೂರಮ್ಮ ಹಾಗೆಯೇ ಮಾಡಿದಳು. ಓಬಣ್ಣ ಹಿಂದಿಂದೆಯೇ ಮನೆಯೆಲ್ಲ ಸುತ್ತಿದ. ಬರುತ್ತಿರುವುದು ತನ್ನ ಹಿಂದೆಯೋ ಬಟ್ಟೆಯ ಹಿಂದೆಯೋ ಎಂದು ಅವಳು ತಿರುತಿರುಗಿ ನೋಡುತ್ತಲೇ ಇದ್ದಳು.