ಎರಡೂವರೆ ಸೆಕೆಂಡಿನ ತಡ

ಚೈತ್ರದ ನಡುಹಗಲಿನಲ್ಲಿ ರಾಮದುರ್ಗದ ಸೀಮೆಯನ್ನೊಮ್ಮೆ ನೋಡಬೇಕು, ಸಹೃದಯರೇ! ಜೋಳದ ಕೊಯ್ಲು ಮುಗಿದ ಎರೆಹೊಲಗಳು ಬಿರುಕುಬಿಟ್ಟ ತುಟಿಗಳಿಂದ ಬಿಸಿಲನ್ನೇ ಕುಡಿಯುತ್ತಿರುತ್ತವೆ; ತೆಳ್ಳಗಾದ ಮಲಪ್ರಭೆ, ಮರೆತ ಮಾತೊಂದನ್ನು ತುಣುಕು ತುಣುಕಾಗಿ ನೆನೆಸಿಕೊಳ್ಳುವವಳಂತೆ, ಮಡುವಿನಿಂದ ಮಡುವಿಗೆ ಮಿನುಗುತ್ತ ಸಾಗುತ್ತಾಳೆ; ಬೇವಿನ ಹೂವಿನ ನವುರಾದ ಗಂಧ ಬಿಸಿಗಾಳಿಯ ಜೊತೆಗೆ ಬಂದು, ಇನ್ನೇನು ಹಿಡಿದೆವು ಅನ್ನುವಷ್ಟರಲ್ಲಿ ಕರಗಿಹೋಗುತ್ತದೆ... ಇಂಥ ಬೆಳಕಿನ ನಡುವೆ, ಊರ ಹೊರಗಿನ ಕೆಂಪುಗಲ್ಲಿನ ಗುಡ್ಡದ ನೆತ್ತಿಯ ಮೇಲೆ, ದುಂಡನೆಯ ಒಂದು ಕಲ್ಲಿನ ಕೋಣೆಯಿದೆ. ಅದಕ್ಕೆ ಕಿಟಕಿಗಳಿಲ್ಲ. ಒಳಗೆ ಹೊಕ್ಕವರಿಗೆ ಮೊದಲು ಕಾಣುವುದು ಕತ್ತಲೆ, ಆಮೇಲೆ ತಂಪು, ಆಮೇಲೆ ನೆಲದ ಮೇಲೆ ಬಿದ್ದಿರುವ ಅಂಗೈಯಗಲದ ಸೂರ್ಯ!

ಸಂಸ್ಥಾನದ ಕಾಲದಲ್ಲಿ ಗಣಿತದ ಮಾಸ್ತರರೊಬ್ಬರು ಕಟ್ಟಿಸಿದ ವೇಧಶಾಲೆ ಅದು. ಗುಮ್ಮಟದಲ್ಲಿ ಸಣ್ಣ ರಂಧ್ರ. ನೆಲದಲ್ಲಿ ದಕ್ಷಿಣೋತ್ತರವಾಗಿ ಹಾಸಿದ ಹಿತ್ತಾಳೆಯ ಪಟ್ಟಿ. ರಂಧ್ರದಿಂದ ಇಳಿದ ಬೆಳಕಿನ ಬಿಂಬ ಪಡುವಣದಿಂದ ಮೂಡಣಕ್ಕೆ ಮೆಲ್ಲಗೆ ಸರಿಯುತ್ತ, ಸರಿಯಾಗಿ ನೆತ್ತಿಯ ಹೊತ್ತಿಗೆ ಆ ಪಟ್ಟಿಯನ್ನು ದಾಟುತ್ತದೆ. ದಾಟಲು ಅದಕ್ಕೆ ಎರಡು ನಿಮಿಷ ಮತ್ತೆ ಕೆಲವು ಸೆಕೆಂಡು ಬೇಕು. ಒಬ್ಬರು ಬಿಂಬವನ್ನು ನೋಡಬೇಕು. ಇನ್ನೊಬ್ಬರು ಗೋಡೆಯ ಲೋಲಕದ ಗಡಿಯಾರದ ಮುಂದೆ ನಿಂತು ಸೆಕೆಂಡುಗಳನ್ನು ದನಿಯೆತ್ತಿ ಎಣಿಸಬೇಕು. ಬಿಂಬದ ಮೊದಲ ಅಂಚು ಪಟ್ಟಿಯನ್ನು ಮುಟ್ಟಿದಾಗ ಒಮ್ಮೆ, ಕೊನೆಯ ಅಂಚು ಬಿಟ್ಟಾಗ ಒಮ್ಮೆ, ನೋಡುವವರು "ಈಗ" ಅನ್ನಬೇಕು. ಪ್ರತಿ ಸಲವೂ ಎಣಿಕೆ ಅಲ್ಲಿಗೆ ನಿಂತು, ಆ ಅಂಕಿ ಪುಸ್ತಕ ಸೇರಿದ ಮೇಲೆಯೇ ಮುಂದುವರಿಯುತ್ತದೆ. ಎರಡರ ನಡುವಿನ ಕ್ಷಣವೇ ಆ ದಿನದ ಮಧ್ಯಾಹ್ನ. ತೊಂಬತ್ತು ವರ್ಷಗಳಿಂದ, ಮೋಡದ ದಿನಗಳನ್ನು ಬಿಟ್ಟು, ಇದು ನಡೆದುಬಂದಿದೆ.

ಆ ಹಳೆಯ ಮಾಸ್ತರರು ಹಾಕಿಕೊಟ್ಟ ಇನ್ನೊಂದು ಪದ್ಧತಿಯನ್ನೂ ಇಲ್ಲಿ ಹೇಳಬೇಕು. ಕಣ್ಣು ಕಂಡದ್ದನ್ನು ಬಾಯಿ ಹೇಳುವಷ್ಟರಲ್ಲಿ ಎಲ್ಲರಿಗೂ ಚೂರು ತಡವಾಗುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಅಳತೆಯ ತಡ. ಅದನ್ನು ತಪ್ಪೆಂದು ಬೈಯದೆ, ಅಳೆದು, ದಾಖಲೆ ಪುಸ್ತಕದ ಮೊದಲ ಪುಟದಲ್ಲಿ ಅವರವರ ಹೆಸರಿನ ಮುಂದೆ ಬರೆದಿಡುತ್ತಿದ್ದರು. ಪ್ರತಿ ದಿನದ ಲೆಕ್ಕದಿಂದ ಅಷ್ಟನ್ನು ಕಳೆಯುತ್ತಿದ್ದರು. ಸೋಮವಾರದಿಂದ ಶನಿವಾರದವರೆಗೆ ಬಿಂಬ ನೋಡುವ ನಿವೃತ್ತ ಶಿಕ್ಷಕ ಮಡಿವಾಳೆಪ್ಪನವರ ತಡ ಒಂದು ಸೆಕೆಂಡು. ರವಿವಾರ ನೋಡುವ ಪ್ರಣಿತಾಳದು ಅರ್ಧ ಸೆಕೆಂಡು ಮಾತ್ರ. ಆ ಪುಸ್ತಕದಲ್ಲಿರುವ ಹೆಸರುಗಳಲ್ಲೆಲ್ಲ ಅದೇ ಕಡಿಮೆ. ಆಕೆಗೆ ಅದರ ಬಗ್ಗೆ ಒಳಗೊಳಗೇ ಒಂದು ಹೆಮ್ಮೆ!

ಪ್ರಣಿತಾ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು, ವಯಸ್ಸು ಮೂವತ್ತೆರಡು. ಐದು ವರ್ಷಗಳ ಹಿಂದೆ, ಅಳೆಯುವವರಿಗೂ ಬಾವಲಿಗಳಿಗೂ ಮಾತ್ರ ಗೊತ್ತಿದ್ದ ಈ ಕೋಣೆಯ ಬಾಗಿಲನ್ನು ರವಿವಾರಗಳಂದು ಜನರಿಗೆ ತೆರೆಸಿದವಳು ಅವಳೇ. ಈಗ ಸವದತ್ತಿಯಿಂದ, ಬೈಲಹೊಂಗಲದಿಂದ, ಕಿತ್ತೂರಿನಿಂದ ಸಾಲೆಯ ಮಕ್ಕಳು ಟೆಂಪೊಗಳಲ್ಲಿ ಬರುತ್ತಾರೆ. ನೆಲದ ಮೇಲಿನ ಸೂರ್ಯನ ಕಲೆಗಳನ್ನು ಬಿಳಿ ಹಾಳೆಯಲ್ಲಿ ಹಿಡಿದು ಬೆರಗಾಗುತ್ತಾರೆ. ಒಮ್ಮೆ ಮುರಗೋಡದ ಮುದುಕಿಯೊಬ್ಬಳು ಆ ಬಿಂಬದ ಮೇಲೆ ಕಾಲಿಡದೆ ಸುತ್ತುಹಾಕಿ ನಡೆದಳು. ಅಂದಿನಿಂದ ಪ್ರಣಿತಾ ತಾನೂ ಹಾಗೆಯೇ ನಡೆಯುತ್ತಾಳೆ.

ಮೊದಲೆಲ್ಲ ರವಿವಾರದ ಎಣಿಕೆ ತಂಗೆವ್ವನದು. ಕೋಣೆ ಗುಡಿಸುವ, ಹುಣಸೆಹಣ್ಣಿನಿಂದ ಹಿತ್ತಾಳೆ ಪಟ್ಟಿ ತಿಕ್ಕುವ, ಬಂದವರಿಗೆ ನೀರು ಕೊಡುವ ಅರವತ್ತರ ಹೆಂಗಸು ಆಕೆ. ಸಂಕ್ರಾಂತಿಯ ಮರುವಾರ ಮಂದಿ ಬಹಳ ಬಂದು ಆಕೆಗೆ ನೀರಿನ ಕೆಲಸವೇ ಸಾಕಾಯಿತು. ಆಗ ಗಡಿಯಾರಕ್ಕೆ ಚಾವಿ ಕೊಡಲು ಬಂದಿದ್ದ ಅರ್ಜುನ, ತಾನು ಎಣಿಸುವೆನೆಂದ.

ಅರ್ಜುನನಿಗೆ ಪೇಟೆಯಲ್ಲಿ ಗಡಿಯಾರ ರಿಪೇರಿಯ ಅಂಗಡಿ. ವೇಧಶಾಲೆಯ ಗಡಿಯಾರವನ್ನು ಅವನ ಅಜ್ಜ ಲಗಮಪ್ಪ ನೋಡಿಕೊಂಡರು, ಅಪ್ಪ ನೋಡಿಕೊಂಡರು, ಈಗ ಅವನು. ಮಿತಭಾಷಿ, ನಗುವೂ ಮಾತಿನಷ್ಟೇ ಅಪರೂಪ. ಆದರೆ ಆ ಕತ್ತಲೆಯ ಕೋಣೆಯಲ್ಲಿ "ನಲವತ್ತೊಂದು... ನಲವತ್ತೆರಡು... ನಲವತ್ತಮೂರು..." ಎಂದು ಅವನು ಎಣಿಸತೊಡಗಿದಾಗ, ಆ ದನಿ ದೂರದ ಮಳೆಯ ಮೊದಲ ಹನಿಗಳು ಒಣನೆಲಕ್ಕೆ ಬೀಳುವಂತೆ, ಒಂದೊಂದಾಗಿ, ಅವಸರವಿಲ್ಲದೆ, ಪ್ರತಿಯೊಂದು ಅಂಕಿಗೂ ಅದರದೇ ಮರ್ಯಾದೆ ಕೊಡುತ್ತ ಬಿದ್ದಿತು! ಪ್ರಣಿತಾ ನೆಲಕ್ಕೆ ಬಗ್ಗಿ ಬಿಂಬದ ಅಂಚನ್ನೇ ನೋಡುತ್ತಿದ್ದಳು. ಆ ವಾರವೂ, ಮುಂದಿನ ವಾರಗಳಲ್ಲೂ... ಶಿಶಿರ ಮುಗಿಯಿತು, ಬೇವು ಚಿಗುರಿತು, ಪಟ್ಟಿಯ ಬಡಗಣ ತುದಿಯಲ್ಲಿ ಅಂಡಾಕಾರವಾಗಿ ಬೀಳುತ್ತಿದ್ದ ಬಿಂಬ ವಾರವಾರಕ್ಕೂ ತೆಂಕಣಕ್ಕೆ ಸರಿದು ದುಂಡಗಾಗುತ್ತ ಬಂದಿತು.

ಏಪ್ರಿಲ್ ನಡುವಿನಲ್ಲಿ ಮಡಿವಾಳೆಪ್ಪನವರು ಗೆರೆಹಾಳೆಯೊಂದನ್ನು ತಂದು ಅವಳ ಮುಂದೆ ಹರಡಿದರು. ಅವರ ಆರು ದಿನಗಳ ಮಧ್ಯಾಹ್ನದ ಚುಕ್ಕೆಗಳು ದಾರಕ್ಕೆ ಪೋಣಿಸಿದಂತೆ ಒಂದೇ ಗೆರೆಯಲ್ಲಿದ್ದವು. ಪ್ರತಿ ರವಿವಾರದ ಚುಕ್ಕೆ ಮಾತ್ರ ಎರಡೂವರೆ ಸೆಕೆಂಡು ಮೇಲೆ, ಅಂದರೆ ಅಷ್ಟು ತಡ. ಸೋಮವಾರ ಮತ್ತೆ ಗೆರೆಗೆ. ಜನವರಿಯಿಂದ ಹೀಗೇ.

ತನ್ನ ಕಣ್ಣಿನ ಮೇಲೆ ಸಂಶಯಪಡುವುದು ಪ್ರಣಿತಾಳಿಗೆ ಹೊಳೆಯಲೇ ಇಲ್ಲ. ರವಿವಾರ ಚಾವಿ ತಿರುಗಿಸುವಾಗ ಸೆಕೆಂಡಿನ ಮುಳ್ಳು ಮುಂದಕ್ಕೆ ಜಾರುತ್ತಿರಬೇಕು. ಸಂಜೆ ಹೋಗುವ ಮುನ್ನ ಅರ್ಜುನ ಯಾರಿಗೂ ಹೇಳದೆ ಅದನ್ನು ಹಿಂದಕ್ಕೆ ಸರಿಸಿ ಹೋಗುತ್ತಿರಬೇಕು! ಮೇ ಮೊದಲ ವಾರದಲ್ಲಿ ಸೂರ್ಯ ನೆಟ್ಟಗೆ ನೆತ್ತಿಗೆ ಬಂದು ನೆರಳೇ ಇಲ್ಲವಾಗುವ ದಿನ. ಐನೂರು ಮಂದಿಗೆ ಕರೆ ಹೋಗಿದೆ. ಗಡಿಯಾರವನ್ನು ಪುಣೆಯ ತಜ್ಞರಿಗೆ ಕಳಿಸಬೇಕು, ಈಗ ನೋಡಿಕೊಳ್ಳುವವರ ಕೈಯಿಂದ ಅದು ಕೆಟ್ಟಿದೆ, ಅವರು ಅದನ್ನು ಮುಚ್ಚಿಡುತ್ತಿದ್ದಾರೆ ಎಂದು ಅವಳು ವೇಧಶಾಲೆಯ ಕಮಿಟಿಗೆ ಕಾಗದ ಬರೆದಳು. ನೇರ ಸ್ವಭಾವದವಳಾದ್ದರಿಂದ ಅರ್ಜುನನಿಗೂ ಅದನ್ನೇ ಹೇಳಿದಳು.

ಅವನು ವಾದ ಮಾಡಲಿಲ್ಲ. ಒಂದೇ ಮಾತು ಕೇಳಿದ.

"ಪೆಟ್ಟಿಗಿ ತಗದ ಒಳಗ ನೋಡೀರೇನ್ರಿ, ಮೇಡಂ?"

ನೋಡಿರಲಿಲ್ಲ. ಚುಕ್ಕೆಗಳೇ ಹೇಳುತ್ತವೆ ಎಂದಳು. ಅವನು ಮೂರು ತಲೆಮಾರಿನ ಬೆರಳುಗಳು ನಯಮಾಡಿದ ಹಿತ್ತಾಳೆಯ ಚಾವಿಯನ್ನು ಜೇಬಿನಿಂದ ತೆಗೆದು, ಕರವಸ್ತ್ರದಿಂದ ಒರೆಸಿ, ಮೇಜಿನ ಮೇಲಿಟ್ಟು ಗುಡ್ಡ ಇಳಿದುಹೋದ.

ಮುಂದಿನ ರವಿವಾರ ಅವನು ಬರಲಿಲ್ಲ. ಚಾವಿ ಕೊಡುವ ಕೆಲಸ ಪ್ರಣಿತಾಳಿಗೇ ಬಿತ್ತು. ಪೆಟ್ಟಿಗೆ ತೆರೆದಳು, ಫೋನಿನಲ್ಲಿ ನಿಖರವಾದ ಸಮಯವನ್ನಿಟ್ಟುಕೊಂಡು ಚಾವಿ ತಿರುಗಿಸುವ ಮೊದಲೊಮ್ಮೆ, ಆಮೇಲೊಮ್ಮೆ ಹೋಲಿಸಿದಳು. ಮುಳ್ಳು ಕೂದಲೆಳೆಯಷ್ಟೂ ಜಾರಲಿಲ್ಲ. ಒಳಗೆ, ಚಾವಿ ಕೊಡುವ ಹೊತ್ತಿನಲ್ಲೂ ನಡಿಗೆ ತಪ್ಪದಂತೆ ಹಿಡಿದಿಡುವ ಪುಟ್ಟ ಸ್ಪ್ರಿಂಗೊಂದಿತ್ತು. ಅದರ ತಗಡಿನ ಮೇಲೆ ಸೂಜಿಯಿಂದ ಕೊರೆದ ಹೆಸರು: ಲಗಮಪ್ಪ. ಎಷ್ಟು ಸಣ್ಣ ಪರೀಕ್ಷೆ! ಕಾಗದ ಬರೆಯುವ ಮುನ್ನ ಐದು ನಿಮಿಷದಲ್ಲಿ ಮುಗಿಸಬಹುದಿತ್ತು... ಆಕೆಯ ಕಿವಿಗಳು ಬಿಸಿಯಾದವು.

ಎಣಿಸಲು ತಂಗೆವ್ವ ಬಂದು ನಿಂತಳು. ನೀರಿನ ಕೊಡ ಇಳಿಸಿದ ಉಸಿರಿನಲ್ಲೇ, ಸಂತೆಯಲ್ಲಿ ಕುಂಬಳಕಾಯಿ ಎಣಿಸುವಂತೆ ದಡಬಡನೆ ಎಣಿಸಿದಳು. ಪ್ರಣಿತಾ "ಈಗ" ಅಂದಳು, ಮತ್ತೆ "ಈಗ" ಅಂದಳು, ಲೆಕ್ಕ ಹಾಕಿದಳು. ಚುಕ್ಕೆ ಮಡಿವಾಳೆಪ್ಪನವರ ಗೆರೆಯ ಮೇಲೆಯೇ ಕೂತಿತು! ಅವಳು ಪೆನ್ಸಿಲಿನಿಂದ ಆ ಚುಕ್ಕೆಯನ್ನೇ ಮತ್ತೆ ಮತ್ತೆ ತಿದ್ದುವುದನ್ನು ನೋಡಿ ತಂಗೆವ್ವ ಏನಾಯಿತೆಂದು ಕೇಳಿದಳು. ಪ್ರಣಿತಾ ಇದ್ದದ್ದನ್ನು ಹೇಳಿದಳು.

"ನಾ ಎಣಿಸಿದ್ರ ಸರಿ ಬರತೈತಿ, ಆ ಹುಡುಗ ಎಣಿಸಿದ್ರ ತಪ್ಪತೈತಿ ಅಂದ್ರ," ತಂಗೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು, "ನನ್ನ ದನಿಯೊಳಗ ಕೇಳೂವಂಥಾದ್ದ ಏನೂ ಇಲ್ಲಂದಂಗಾತು. ಆಗ್ಲಿ ಬಿಡ್ರಿ ಅಕ್ಕಾರ, ಮದುವ್ಯಾದ ಹೊಸದಾಗೂ ನಮ್ಮ ಯಜಮಾನ್ರು ಇದನ್ನ ಅಂದಿದ್ರು."

ಪ್ರಣಿತಾಳಿಗೆ ನಗು ಬರಲಿಲ್ಲ. ಪುಸ್ತಕವನ್ನು ಹಿಂದಕ್ಕೆ ತಿರುವಿದಳು. ಜನವರಿಯ ಮೂರನೆಯ ರವಿವಾರಕ್ಕೆ ಮೊದಲು ಎಲ್ಲವೂ ಗೆರೆಯ ಮೇಲೆ. ಅಂದಿನಿಂದ, ಅರ್ಜುನ ಎಣಿಸಿದ ಹದಿಮೂರು ರವಿವಾರಗಳಲ್ಲಿ ಒಂದನ್ನೂ ಬಿಡದೆ, ಎರಡೂವರೆ ಸೆಕೆಂಡು. ಆಗ ನೆನಪಾಯಿತು... ಅಂಚು ಪಟ್ಟಿಯನ್ನು ಮುಟ್ಟಿದ್ದನ್ನು ಕಣ್ಣು ಕಂಡಿತ್ತು. ಆದರೆ "ಈಗ" ಅಂದರೆ ಎಣಿಕೆ ನಿಲ್ಲುತ್ತದೆ! ಇನ್ನೊಂದು ಅಂಕಿ ಕೇಳಿಸಲಿ, ಮತ್ತೊಂದು ಕೇಳಿಸಲಿ ಎಂದು ತುಟಿ ತನಗೇ ತಿಳಿಯದಂತೆ ಕಾದಿತ್ತು. ಹದಿಮೂರು ವಾರಗಳಿಂದ ಅವಳ ಹೃದಯ ಶಾಯಿಯಲ್ಲಿ, ದಶಮಾಂಶ ಸಹಿತ, ತನ್ನ ಮಾತನ್ನು ಬರೆದಿಡುತ್ತಲೇ ಬಂದಿತ್ತು. ಓದಲು ಬಾರದಿದ್ದವಳು ಅವಳೊಬ್ಬಳೇ! ಆ ಬರಹದ ತಪ್ಪನ್ನು ಅವಳು ಹೊರಿಸಿದ್ದು ಯಾರ ಮೇಲೆ...

ಗಡಿಯಾರವನ್ನು ಬಿಚ್ಚಿ ಪುಣೆಗೆ ಒಯ್ಯುವವರು ಗುರುವಾರ ಬರುವವರಿದ್ದರು. ಕಾಗದ ಹಿಂತೆಗೆದುಕೊಳ್ಳುವುದೇನೋ ಸುಲಭ. ಆದರೆ ವೇಧಶಾಲೆಯ ನಿಯಮದಂತೆ ತಪ್ಪಿನ ಕಾರಣವನ್ನು ಪುಸ್ತಕದಲ್ಲಿ ಬರೆಯಬೇಕು, ಕಮಿಟಿಯ ಏಳೂ ಮಂದಿ ಅದನ್ನು ಓದಿ ಸಹಿ ಹಾಕಬೇಕು. "ಅಜಾಗ್ರತೆ" ಎಂದು ಬರೆದರೆ ಯಾರೂ ಮರುಪ್ರಶ್ನೆ ಕೇಳುತ್ತಿರಲಿಲ್ಲ. ಆದರೆ ಅದು ಸುಳ್ಳಾಗುತ್ತಿತ್ತು. ಪ್ರಣಿತಾ ಎರಡು ಸಾಲು ಬರೆದಳು. ಶಾಯಿ ಆರುವ ತನಕ ಕಾದು, ಪುಸ್ತಕವನ್ನು ಎದೆಗವಚಿಕೊಂಡು ಪೇಟೆಗೆ ನಡೆದಳು.

ಅಂಗಡಿಯಲ್ಲಿ ಅರ್ಜುನ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರದ ಮೇಲೆ ಬಗ್ಗಿದ್ದ. ಕುಳಿತುಕೊಳ್ಳಲು ಹೇಳಿದ, ಮುಖ ಎತ್ತಲಿಲ್ಲ.

"ತಪ್ಪು ಗಡಿಯಾರದ್ದಲ್ಲರಿ, ಅರ್ಜುನ ಅವರ. ನಿಮ್ಮದೂ ಅಲ್ಲ. ನಂದು," ಎಂದಳು ಪ್ರಣಿತಾ.

"ನೀವು ಗಡಿಯಾರ ಕೆಟ್ಟೈತಿ ಅಂದಿದ್ರ ಬ್ಯಾಸರ ಆಗತಿರಲಿಲ್ಲರಿ," ಅವನು ಚಿಮಟವನ್ನು ಕೆಳಗಿಟ್ಟ. "ಕೆಡತಾವ, ರಿಪೇರಿ ಮಾಡತೇವಿ. ಕೆಟ್ಟಿದ್ದನ್ನ ನಾ ಮುಚ್ಚಿಟ್ಟೇನಿ ಅಂದ್ರಿ."

ಅವಳು ಪುಸ್ತಕವನ್ನು ತೆರೆದು ಅವನ ಮುಂದಕ್ಕೆ ಸರಿಸಿದಳು. ಅವಳ ನೆಟ್ಟನೆಯ ಅಕ್ಷರಗಳಲ್ಲಿ ಹೀಗಿತ್ತು: ಜನವರಿಯಿಂದೀಚೆಗೆ ಹದಿಮೂರು ರವಿವಾರಗಳ ತಪ್ಪು ಗಡಿಯಾರದ್ದಲ್ಲ, ನೋಡುವವಳದು. ಕಾರಣ, ಎಣಿಸುವವರ ದನಿ. ಅದು ನಿಲ್ಲುವುದು ಬೇಡವೆನಿಸಿ ನೋಡುವವಳು ತಡವಾಗಿ ನುಡಿದಿದ್ದಾಳೆ.

ಅವನು ಓದಿದ. ಭೂತಗನ್ನಡಿ ತೆಗೆದಿಟ್ಟು ಮತ್ತೊಮ್ಮೆ ಓದಿದ. ಅಂಗಡಿಯ ಗೋಡೆಯ ಮೇಲೆ ಹತ್ತಾರು ಗಡಿಯಾರಗಳು ಹತ್ತಾರು ಹೊತ್ತು ತೋರಿಸುತ್ತ ಟಿಕ್ಕೆನ್ನುತ್ತಿದ್ದವು.

"ಇದನ್ನ ಕಮಿಟಿಯವ್ರು ಓದತಾರಲ್ರಿ?"

"ಓದಲಿ."

ಅವನು ಪುಸ್ತಕವನ್ನು ಮುಚ್ಚಿ, ಎರಡೂ ಕೈಗಳಿಂದ ಎತ್ತಿ ಅವಳಿಗೆ ಕೊಟ್ಟ. "ತಡ ಎಷ್ಟಂತ ಗೊತ್ತಾತಲ್ರಿ. ಕಳದು ಬರಕೊಂಡ್ರಾತು. ರವಿವಾರ ಬರತೇನಿ." ಅಷ್ಟೇ. ಮತ್ತೆ ಚಿಮಟ ಹಿಡಿದು ಬಗ್ಗಿದ. ಕ್ಷಮಿಸಿದನೇ? ಕ್ಷಮಿಸಿ, ಅಷ್ಟಕ್ಕೇ ನಿಲ್ಲಿಸಿಬಿಟ್ಟನೇ? ತನ್ನ ಮಾತನ್ನೆಲ್ಲ ಹೇಳಿ ಮುಗಿಸಿದ್ದ ಪ್ರಣಿತಾ, ಅವನ ಮನಸ್ಸಿನ ಮಾತು ತಿಳಿಯದೆ ಬಿಸಿಲಿಗೆ ಇಳಿದಳು.

ಕಮಿಟಿಯಲ್ಲಿ ಯಾರೂ ನಗಲಿಲ್ಲ. ಕಾರ್ಯದರ್ಶಿಗಳಾದ ಮಡಿವಾಳೆಪ್ಪನವರು ಆ ಎರಡು ಸಾಲನ್ನು ಗಂಟಲು ಸರಿಪಡಿಸಿಕೊಂಡು ಗಟ್ಟಿಯಾಗಿ ಓದಿ, ಗಡಿಯಾರವನ್ನು ಪುಣೆಗೆ ಕಳಿಸಲು ಹೇಳಿದ್ದ ಕಾಗದವನ್ನು ಹರಿದು, ಮೊದಲ ಪುಟದಲ್ಲಿ ಪ್ರಣಿತಾಳ ಹೆಸರಿನ ಕೆಳಗೆ ಇನ್ನೊಂದು ಸಾಲು ಸೇರಿಸಿದರು: "ಅರ್ಜುನ ಎಣಿಸಿದಾಗ, ಮೂರು." ಬಳಿಕ, ಶಾಸ್ತ್ರದ ದೃಷ್ಟಿಯಿಂದ ಇದು ಬಹಳ ಮಹತ್ವದ್ದೆಂದು ಹೇಳಿ, ಬೇಕಿಲ್ಲದಿದ್ದರೂ ಕನ್ನಡಕ ಒರೆಸಿಕೊಂಡರು.

ಮೇ ತಿಂಗಳ ಆ ರವಿವಾರ ಬಂದಿತು. ಗುಡ್ಡದ ತುಂಬ ಜನ! ಕಿತ್ತೂರಿನ ಮಕ್ಕಳು ಉಕ್ಕಿನ ಲೋಟಗಳನ್ನು ಬೋರಲು ಹಾಕಿ ನೆರಳು ಕುಗ್ಗುವುದನ್ನು ಕಾಯುತ್ತಿದ್ದರು. ಬೈಲಹೊಂಗಲದ ಹೆಂಗಸರು ನೆಟ್ಟ ಕೋಲಿನ ಸುತ್ತ ಕೂತಿದ್ದರು. ಕೋಣೆಯೊಳಗೆ ಬಿಂಬ ಪೂರ್ಣಚಂದ್ರನಂತೆ ದುಂಡಗಾಗಿ, ರಂಧ್ರದ ನೇರ ಕೆಳಗೆ ಪಟ್ಟಿಯತ್ತ ಸರಿಯುತ್ತಿತ್ತು. ಪ್ರಣಿತಾ ಬಗ್ಗಿದಳು. ಅರ್ಜುನ ಎಣಿಸತೊಡಗಿದ. ಮೊದಲ "ಈಗ" ಬಂದಿತು, ಮೂರು ಸೆಕೆಂಡು ತಡವಾಗಿಯೇ. ಕೊನೆಯ ಅಂಚು ಪಟ್ಟಿಯನ್ನು ಸಮೀಪಿಸುತ್ತಿತ್ತು. "ಹದಿನಾಲ್ಕು... ಹದಿನೈದು... ಹದಿನಾರು..."

ಹದಿನೇಳು ಬರಲಿಲ್ಲ.

ಲೋಲಕ ಆಡುತ್ತಲೇ ಇತ್ತು. ಪ್ರಣಿತಾ ತಲೆಯೆತ್ತಿದಳು. ಮೂರು ತಲೆಮಾರಿನಲ್ಲಿ ಒಂದು ಬಡಿತವನ್ನೂ ತಪ್ಪಿಸದ ಮನೆತನದ ಅರ್ಜುನ, ಗಡಿಯಾರಕ್ಕೆ ಬೆನ್ನುಹಾಕಿ, ನೆಲದ ಬೆಳಕು ಬಿದ್ದ ಅವಳ ಮುಖವನ್ನೇ ನೋಡುತ್ತ ನಿಂತಿದ್ದ!

"ಎಣಿಕಿ ತಪ್ಪಿತ್ರಿ," ಎಂದ ಮೆಲ್ಲಗೆ. "ಹೆಸರಿನ ಮುಂದ ನಂದೂ ಬರೀರಿ."

"ಎಷ್ಟಂತ ಬರೀಲಿ?"

"ಅಳದಿಲ್ಲರಿ. ಆ ಹದಿಮೂರ ವಾರನೂ ಭಾಳ ಕಷ್ಟಪಟ್ಟು ಎಣಿಸೇನಿ."

ಹೊರಗೆ ಐನೂರು ಕಂಠಗಳು ಒಮ್ಮೆಲೇ ಹೋ ಎಂದವು. ನೆರಳುಗಳು ತಮ್ಮ ತಮ್ಮ ಪಾದಗಳೊಳಗೆ ಅಡಗಿದ್ದವು. ಒಳಗೆ ಬಿಂಬ ಯಾರ ಅಪ್ಪಣೆಗೂ ಕಾಯದೆ ಪಟ್ಟಿಯನ್ನು ದಾಟಿ ಮುಂದೆ ಹೋಯಿತು. ವರ್ಷದಲ್ಲೇ ಹೆಚ್ಚು ಜನ ಕಾದ ಆ ಮಧ್ಯಾಹ್ನದ ಸಾಲು ಪುಸ್ತಕದಲ್ಲಿ ಇಂದಿಗೂ ಖಾಲಿಯಾಗಿದೆ.

ಸಹೃದಯರೇ, ನಾವು ಕಾಲವನ್ನು ಅಳೆಯುವ ಸಾಧನಗಳನ್ನು ಎಷ್ಟೋ ನಯಗೊಳಿಸಿದ್ದೇವೆ. ಅಳೆಯಲು ಕೂತವನ ಎದೆ ಮಾತ್ರ ಇಂದಿಗೂ ಮೊದಲಿನಂತೆಯೇ ಇದೆ. ಪ್ರಿಯವಾದದ್ದು ಎದುರು ಬಂದಾಗ ಅದು ಕ್ಷಣವೊಂದನ್ನು ಕೈಬಿಡಲಾರದೆ ತುಸು ತಡೆದು ನಿಲ್ಲುತ್ತದೆ. ಆಕಾಶದ ನಡಿಗೆಗೆ ಆ ತಡದಿಂದ ಏನೂ ಆಗುವುದಿಲ್ಲ. ಮನುಷ್ಯರು ಒಬ್ಬರನ್ನೊಬ್ಬರು ಕಂಡುಕೊಳ್ಳಲು ಸಿಗುವ ಅವಕಾಶವಾದರೋ, ಬಹುಶಃ, ಅಷ್ಟೇ ಅಗಲದ್ದು...